ಜೇನಿನ ಬಾಟ್ಲು

ಹೊಸಕೋಟೆಯ ಹೆರಿಗೆ ವಾರ್ಡಿನ ಹೊರಗಿನ ಬೆಂಚಿನಲ್ಲಿ ನಂದೀಶ ಹೆಂಡತಿಯ ಹೆರಿಗೆಗೆ ಕಾದು ಕೂತಿದ್ದ. ಪಕ್ಕದಲ್ಲಿ ಅವನಿಗೆ ಗುರುತಿಲ್ಲದ, ಸೂಲಿಬೆಲೆ ಕಡೆಯ ಒಬ್ಬ ಅತ್ತೆ, ಸೊಸೆ. ಅತ್ತೆಯ ಮಗಳು ಹರ್ಷಿತಳಿಗೆ ಒಳಗೆ ಆಗತಾನೇ ಮಗುವಾಗಿತ್ತು. ಅತ್ತೆ ಕದಿರಮ್ಮ ಚೀಲದಿಂದ ಜೇನುತುಪ್ಪದ ಬಾಟ್ಲು ತೆಗೆದಿದ್ದೇ ತಡ, ಸೊಸೆ ಪ್ರಮೋದಾ ಕೈ ಅಡ್ಡ ಹಿಡಿದಳು.

"ಬೇಡ ಅತ್ತೆ. ಮೊದಲ್ನೇ ಹಾಲೇ ಕುಡಿಸ್ಬೇಕು."

"ಆ ಹಳದಿ ಹಾಲಾ? ನಮ್ಮಲ್ಲಿ ಅದನ್ನ ಹಿಂಡಿ ಚೆಲ್ತೀವಿ. ನಿನ್ ಗಂಡಂಗೂ ಮೂರು ದಿನ ಜೇನೇ ನೆಕ್ಸಿದ್ದು."

"ಹಸು ಕರ ಹಾಕ್ದಾಗ ಗಿಣ್ಣುಹಾಲು ಮೊದ್ಲು ಯಾರಿಗೆ ಬಿಡ್ತೀರಾ?"

"ಕರೂಗೆ. ಬಿಡ್ದಿದ್ರೆ ಅದು ಎದ್ದು ನಿಲ್ತದೇನೇ?"

"ಮತ್ತೆ ನಮ್ ಕೂಸಿಗೆ?"

ಕದಿರಮ್ಮನಿಗೆ ರೇಗಿತು. "ಎದೆಹಾಲು ಕುಡಿಸೋದು ಹೇಳ್ಕೊಡೋ ಟ್ರೈನಿಂಗು ಅಂತ ಹದಿನೈದು ದಿನ ಗೊಂಬೆ ಎತ್ಕೊಂಡು ಬಂದ್ಬಿಟ್ಟು ನಂಗೇ ಪಾಠನಾ? ಮೊದ್ಲು ಒಂದು ಹೆತ್ತು ತೋರ್ಸು."

ನಂದೀಶ ಕೇಳಿಸದವನಂತೆ ಗೋಡೆ ನೋಡಿದ.

"ನಮ್ ದನದ ಡಾಕ್ಟ್ರು ಎಷ್ಟು ಕರ ಹಾಕವ್ರೆ ಅತ್ತೆ?" ಪ್ರಮೋದಾ ಬಿಡಲಿಲ್ಲ. "ಆದ್ರೂ ಅವ್ರಿಗೇ ಫೋನ್ ಮಾಡ್ತೀರಲ್ಲ."

ಕದಿರಮ್ಮನಿಗೆ ನಗು ತಡೆಯಲಾಗಲಿಲ್ಲ. "ಥೂ, ನಿನ್ ಬಾಯಿಗಿಷ್ಟು!"

"ಹರ್ಷಿತ ಕಡೆಯವ್ರು ಒಬ್ರು ಮಾತ್ರ ಬನ್ನಿ!" ನರ್ಸ್ ಕೂಗಿದಳು.

ಕದಿರಮ್ಮ ಎದ್ದವಳು ಮತ್ತೆ ಕೂತಳು. "ನೀನೇ ಹೋಗು. ಕೂಸಿನ ಅಳು ನಿಲ್ಲದಿದ್ರೆ ಬಾಟ್ಲು ತಗೊಂಡು ಬಂದೇ ಬರ್ತೀನಿ."

ಪ್ರಮೋದಾ ನಲ್ಲಿಯಲ್ಲಿ ಮೊಣಕೈವರೆಗೂ ತೊಳೆದುಕೊಂಡು ಒಳಗೆ ಹೋದಳು. ಮಗು ಜೋರಾಗಿ ಅಳುತ್ತಿತ್ತು. ಕದಿರಮ್ಮ ಮುಚ್ಚಳದ ಮೇಲೆ ಕೈಯಿಟ್ಟು ಬಾಗಿಲಿಗೇ ಕಿವಿಗೊಟ್ಟಳು. ಅಳು ಸಣ್ಣದಾಯಿತು, ನಿಂತಿತು. ಇನ್ನೂ ಸ್ವಲ್ಪ ಹೊತ್ತು ಕಾದು, ಬಾಟ್ಲನ್ನು ಚೀಲಕ್ಕೆ ಹಾಕಿಕೊಂಡು ಅವಳು ಕಾಫಿ ಕುಡಿಯಲು ಹೊರಗೆ ನಡೆದಳು.