ಇಪ್ಪತ್ತೇಳನೇ ಕಿಲೋಮೀಟರಿನ ಲೋಟ

ಮಾನ್ಯ ಅಧ್ಯಕ್ಷೆ ಗುನ್‌ವೋರ್ ಅವರೇ, ಹಿಮ ಕರಗಿ ಕೆಸರಾದ ದಾರಿಯಲ್ಲಿ ಪಕ್ಕದ ಕಣಿವೆಯಿಂದ ಬಂದಿರುವ ಅತಿಥಿಗಳೇ, ಅಡುಗೆಮನೆಯಲ್ಲಿ ಇನ್ನೂ ವೇಫಲ್ ಹುಯ್ಯುತ್ತಿರುವವರೇ, ಹೌಗ್ಸೆಟ್ ಸ್ಕೀ ಸಂಘದ ನನ್ನ ಪ್ರೀತಿಯ ಸಭಿಕರೇ,

ಈ ಕೆತ್ತನೆಯ ಮರದ ಬೋಗುಣಿಯನ್ನು ನೀವು ನನ್ನ ಕೈಗಿತ್ತಿದ್ದೀರಿ. ಬೋಗುಣಿ ಬಹಳ ಚೆನ್ನಾಗಿದೆ. ಅಂಚಿನ ಸುತ್ತ ನನ್ನ ಹೆಸರೂ ಇದೆ. ಹೆಂಡತಿಗಾಗಿ ಬೆಳ್ಳಿ ಬ್ಯಾಡ್ಜನ್ನೇ ಬಿಟ್ಟುಕೊಟ್ಟ ಸಿವೆರ್ಟ್ ಎಂದು ಅಧ್ಯಕ್ಷರು ಹೊಗಳಿದಾಗ ನಾನು ತಲೆ ತಗ್ಗಿಸಿ ಕುಳಿತಿದ್ದೆ. ವಿನಯದಿಂದ ತಗ್ಗಿಸಿದ್ದಾನೆ ಎಂದು ನೀವು ತಿಳಿದಿರಬೇಕು. ಆ ವಿಷಯಕ್ಕೇ ಬರುತ್ತೇನೆ.

ನಾನು ಒಂದು ಭಾಷಣ ಬರೆದುಕೊಂಡು ಬಂದಿದ್ದೆ. ಅದು ಜೇಬಿನಲ್ಲಿಯೇ ಇದೆ. ಅದರಲ್ಲಿ ಪ್ರೀತಿ, ತಾಳ್ಮೆ ಎಂಬ ಮಾತುಗಳು ಧಾರಾಳವಾಗಿವೆ. ಆದರೆ ಅರ್ಧ ಗಂಟೆಯ ಹಿಂದೆ ನಾವು ಬಿಸ್ಕತ್ತಿನ ಡಬ್ಬಿ ತೆರೆದೆವಲ್ಲ, ಅಲ್ಲಿಂದ ಆ ಭಾಷಣ ಓದುವ ಮುಖ ನನಗೆ ಉಳಿದಿಲ್ಲ.

ಡಬ್ಬಿಯ ನಿಯಮ ನಿಮಗೆಲ್ಲ ಗೊತ್ತು. ಅಕ್ಟೋಬರಿನಲ್ಲಿ ಕಾಡಿನ ದಾರಿಯ ಪೊದೆ ಕಡಿದು ಮುಗಿಸಿದ ದಿನ ಪ್ರತಿಯೊಬ್ಬರೂ ಈ ಚಳಿಗಾಲದ ಗುರಿಯನ್ನು ಚೀಟಿಯಲ್ಲಿ ಬರೆದು ಒಳಗೆ ಹಾಕುತ್ತೇವೆ. ಏಪ್ರಿಲಿನಲ್ಲಿ ತೆರೆದು ನಮ್ಮ ನಮ್ಮ ಚೀಟಿಯನ್ನು ನಾವೇ ಓದಿ 'ಆಯಿತು' ಅಥವಾ 'ಆಗಲಿಲ್ಲ' ಎನ್ನುತ್ತೇವೆ. ಒಂದೇ ಮಾತು, ವಿವರಣೆಗೆ ಅವಕಾಶವಿಲ್ಲ. ನಲವತ್ತು ವರ್ಷದಿಂದ ಹಾಗೆಯೇ ನಡೆದುಬಂದಿದೆ. ಇಂದು ನಾನು ಆ ನಿಯಮ ಮುರಿಯುತ್ತೇನೆ, ಕ್ಷಮಿಸಬೇಕು.

ನನ್ನ ಚೀಟಿ ಇಲ್ಲಿದೆ. ಓದುತ್ತೇನೆ. 'ಕಣಿವೆಯ ಸ್ಕೀ ಓಟವನ್ನು ಇಪ್ಪತ್ತೈದನೇ ಸಲ ನಿಗದಿತ ಸಮಯದೊಳಗೆ ಮುಗಿಸಿ ಬೆಳ್ಳಿ ಬ್ಯಾಡ್ಜ್ ಪಡೆಯುವುದು. ಸ್ಕೀಗೆ ಮೇಣ ನಾನೇ ಹಚ್ಚುವುದು.' ಮೊದಲನೆಯದು ಆಗಲಿಲ್ಲ. ಎರಡನೆಯದು ಆಯಿತು, ಮೊದಲನೆಯದು ಆಗದೇ ಇದ್ದದ್ದಕ್ಕೆ ಅದೇ ಕಾರಣ.

ಇಪ್ಪತ್ನಾಲ್ಕು ವರ್ಷ ನನ್ನ ಸ್ಕೀಗೆ ಮೇಣ ಹಚ್ಚಿದವಳು ನನ್ನ ಹೆಂಡತಿ ಓಸ್ಟ್ರಿ. ಇಡೀ ನಾರ್ವೆಯಲ್ಲಿ ಮೇಣದ ವಿಷಯದಲ್ಲಿ ಹೆಂಡತಿಯ ಮಾತು ಕೇಳಿದ ಗಂಡಸು ನಾನೊಬ್ಬನೇ ಇರಬೇಕು. ಓಟದ ಬೆಳಿಗ್ಗೆ ಅವಳು ಅಂಗಳಕ್ಕೆ ಹೋಗಿ ಹಿಮವನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ, ಆ ಹಿಮದಲ್ಲಿ ಸ್ಕೀ ಅಂಟದೆ ಜಾರಲು ಯಾವ ಮೇಣ ಬೇಕು ಎಂದು ಹೇಳಿದರೆ ಮುಗಿಯಿತು. ನಾನು ಕಾಫಿ ಕುಡಿಯುತ್ತಿದ್ದೆ. ಇಪ್ಪತ್ನಾಲ್ಕು ಸಲ ನಾನು ಸಮಯಕ್ಕೆ ಮುಟ್ಟಿದ್ದು ನನ್ನ ಕಾಲಿನ ಬಲದಿಂದ ಎಂದೇ ನಂಬಿದ್ದೆ.

ಕಳೆದ ಸೆಪ್ಟೆಂಬರಿನಲ್ಲಿ ಅವಳಿಗೆ ಪಾರ್ಶ್ವವಾಯು ಬಡಿಯಿತು. ಬಲಗೈಯ ಸ್ವಾಧೀನ ಹೋಯಿತು. ಆಮೇಲೆ ಇಡೀ ಚಳಿಗಾಲ ಅವಳು ಒಲೆಯಿಂದ ಮೇಜಿನವರೆಗೆ ಬಲಗೈಯಲ್ಲಿ ನೀರಿನ ಲೋಟ ಹಿಡಿದು ನಡೆಯುವ ಅಭ್ಯಾಸ ಮಾಡಿದಳು. ನಾನು ನೆಲ ಒರೆಸಿದೆ. ಏನಕ್ಕೆ ಇಷ್ಟು ಹಟ ಎಂದು ಕೇಳಿದರೆ ಹೇಳಲಿಲ್ಲ. ನಾನೂ ಎರಡನೇ ಸಲ ಕೇಳಲಿಲ್ಲ.

ಓಟದ ಹಿಂದಿನ ಸಂಜೆ ನಾನು ಹಳೆಯ ಗಟ್ಟಿ ಹಿಮಕ್ಕೆ ಹಚ್ಚುವ ಟ್ಯೂಬಿನ ಅಂಟು ಮೇಣ ಬಳಿಯಲು ಕುಳಿತೆ. ಬೆಳಿಗ್ಗೆ ಹಿಮ ನೋಡಿ ಹಚ್ಚು ಎಂದಳು. ನನಗೂ ಗೊತ್ತಾಗುತ್ತದೆ ಎಂದೆ. ಬೆಳಗಿನ ಹೊತ್ತಿಗೆ ನಾಲ್ಕು ಬೆರಳಷ್ಟು ಹೊಸ ಹಿಮ ಬಿದ್ದಿತ್ತು. ಹೊಸ ಹಿಮಕ್ಕೆ ಟ್ಯೂಬಿನ ಮೇಣ ಏನು ಮಾಡುತ್ತದೆ ಎಂದು ಇಲ್ಲಿನ ಐದು ವರ್ಷದ ಮಗುವಿಗೂ ಗೊತ್ತು. ಓಡುತ್ತಲೇ ಇದ್ದರೆ ಹೇಗೋ ಸಾಗುತ್ತದೆ. ನಿಂತರೆ ಸ್ಕೀ ಅಡಿಯಲ್ಲಿ ಹಿಮ ಗಡ್ಡೆ ಕಟ್ಟುತ್ತದೆ. ಗೊತ್ತಿದ್ದೂ ಒರೆಸಿ ಬೇರೆ ಹಚ್ಚಲಿಲ್ಲ, ಯಾಕೆಂದರೆ ಅವಳು ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು.

ಇಪ್ಪತ್ತೇಳನೇ ಕಿಲೋಮೀಟರಿನ ಪಾನಕದ ಮೇಜಿನ ಹತ್ತಿರ ಬಂದಾಗ ನನ್ನ ಕೈಯಲ್ಲಿ ಎರಡು ನಿಮಿಷ ಹೆಚ್ಚಿಗೆ ಇತ್ತು. ಓಸ್ಟ್ರಿ ಸಂಘದವರ ಜೊತೆ ಅಲ್ಲಿದ್ದಳು. ಬಂದವರಿಗೆಲ್ಲ ಎಡಗೈಯಿಂದ ಬಿಸಿ ಪಾನಕ ಕೊಡುತ್ತಿದ್ದವಳು ನನ್ನನ್ನು ಕಂಡು ಲೋಟವನ್ನು ಬಲಗೈಗೆ ಬದಲಾಯಿಸಿದಳು. ಬೆರಳು ಒಂದೊಂದಾಗಿ ಸುತ್ತಿಕೊಳ್ಳಬೇಕು. ನಾನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ.

ಆಗ ನಾನು ಏನು ಹೇಳಿದೆ? ಮೇಜಿನ ಹಿಂದೆ ಇದ್ದವರು ಏಳು ವಾರ ಬಾಯಿ ಬಿಟ್ಟಿಲ್ಲ. ಅವರ ದೊಡ್ಡತನಕ್ಕೆ ಕೈ ಮುಗಿಯುತ್ತೇನೆ. ನಾನೇ ಹೇಳಿಬಿಡುತ್ತೇನೆ.

"ಎಡಗೈಲಿ ಕೊಡೇ, ನನ್ನ ಬ್ಯಾಡ್ಜ್ ಹೋಗತ್ತೆ" ಅಂದೆ. ಮೆಲ್ಲಗೆ ಹೇಳಿದ್ದಲ್ಲ, ಕಿರುಚಿದೆ.

"ನಿಲ್ಲು ಸಿವೆರ್ಟ್, ಬಂದೆ" ಅಂದಳು.

ನಾನು ನಿಲ್ಲಲಿಲ್ಲ, ಸಭಿಕರೇ. ಲೋಟ ಬೇಡವೆಂದು ಕೋಲು ಊರಿ ಹೊರಟೆ. ಹೊರಟವನು ಒಂದು ಗೇಣೂ ಮುಂದೆ ಹೋಗಲಿಲ್ಲ. ಎರಡೂ ಸ್ಕೀಗಳ ಅಡಿಯಲ್ಲಿ ಇಷ್ಟು ದಪ್ಪ ಹಿಮ ಅಂಟಿಕೊಂಡಿತ್ತು. ಪತ್ರಿಕೆಯವರು ಫೋಟೋ ತೆಗೆದದ್ದು ಆ ಗಳಿಗೆಯಲ್ಲಿ. ಹೆಂಡತಿ ಲೋಟ ಹಿಡಿದು ಬರುತ್ತಿದ್ದಾಳೆ, ಗಂಡ ತಲೆ ಬಾಗಿಸಿ ಕಾದಿದ್ದಾನೆ. ನಾನು ನೋಡುತ್ತಿದ್ದದ್ದು ನನ್ನ ಸ್ಕೀಯನ್ನು. ಬಾಯಲ್ಲಿ ಬರುತ್ತಿದ್ದ ಮಾತುಗಳು ಫೋಟೋದಲ್ಲಿ ಬಂದಿಲ್ಲ.

ಅವಳು ನಾಲ್ಕು ಹೆಜ್ಜೆ ನಡೆದು ಬಂದು ಲೋಟ ಕೊಟ್ಟಳು. ಅರ್ಧ ಚೆಲ್ಲಿತ್ತು. ಕುಡಿದೆ, ಜೇಬಿನ ಚಾಕುವಿನಿಂದ ಹಿಮ ಕೆರೆದೆ, ಓಡಿದೆ, ಒಂದು ನಿಮಿಷ ಹತ್ತು ಸೆಕೆಂಡ್ ತಡವಾಗಿ ಮುಟ್ಟಿದೆ. ಮಾರನೆಯ ವಾರ ಪತ್ರಿಕೆ ಬಂತು, ಹೆಂಡತಿಗಾಗಿ ಕಾದು ನಿಂತ ಗಂಡ ಎಂದು ಫೋಟೋದ ಕೆಳಗೆ ಬರೆದಿದ್ದರು. ಅಂಗಡಿಯಲ್ಲಿ ಜನ ಬೆನ್ನು ತಟ್ಟಿದರು. ನಾನು ಇಲ್ಲ ಎನ್ನಲಿಲ್ಲ. ಓಸ್ಟ್ರಿಯೂ ಇಲ್ಲ ಎನ್ನಲಿಲ್ಲ, ಆ ಫೋಟೋ ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದಳು.

ಇಂದು ಡಬ್ಬಿ ತೆರೆದು ಅವಳು ತನ್ನ ಚೀಟಿ ಓದಿದಳು. ನೀವೆಲ್ಲ ಕೇಳಿದಿರಿ. ಎಡಗೈಯಲ್ಲಿ ಬರೆದ ಸೊಟ್ಟ ಅಕ್ಷರ. 'ಓಟದ ದಿನ ಸಿವೆರ್ಟ್‌ಗೆ ಬಲಗೈಯಿಂದ ಲೋಟ ಕೊಡುವುದು.' ಅಷ್ಟೇ ಇತ್ತು. 'ಆಯಿತು' ಎಂದು ಹೇಳಿ ಕುಳಿತಳು. ಆರು ತಿಂಗಳು ಒಂದೇ ಅಡುಗೆಮನೆಯಲ್ಲಿದ್ದು ನೆಲ ಒರೆಸಿದವನಿಗೆ ಅದು ಈ ಸಂಜೆ ತಿಳಿಯಿತು. ಅವಳ ಚಳಿಗಾಲವನ್ನು ನಾನು ಎರಡು ನಿಮಿಷಕ್ಕಾಗಿ ಹಾಳು ಮಾಡಲು ಹೊರಟಿದ್ದೆ. ನನಗೆ ಬಹಳ ನಾಚಿಕೆಯಾಗಿದೆ.

ಆದ್ದರಿಂದ ಕೃತಜ್ಞತೆಯ ಮಾತು. ಬಾಯಿ ಬಿಡದ ಪಾನಕದ ಮೇಜಿನವರಿಗೆ, ಕೆಲಸಕ್ಕೆ ಬಾರದ ನನ್ನ ಮೇಣಕ್ಕೆ, ಆ ಬೆಳಿಗ್ಗೆ ಬಿದ್ದ ಹೊಸ ಹಿಮಕ್ಕೆ ನಾನು ಋಣಿ. ನಾನೇ ನಿಲ್ಲದಿದ್ದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮೇಣ ಮತ್ತು ಆ ಹಿಮ. ಅಧ್ಯಕ್ಷರೇ, ನಿಮಗೂ ವಂದನೆ. ಬೋಗುಣಿಯ ಮೇಲಿನ ಹೆಸರನ್ನು ಕೆರೆದು ಬೇರೆ ಹೆಸರು ಕೆತ್ತಿಸುವ ಖರ್ಚು ನನ್ನದು.

ಓಸ್ಟ್ರಿ, ಬಾ, ಇದನ್ನು ತಗೋ. ದಯವಿಟ್ಟು ಯಾರೂ ಎದ್ದು ಅವಳ ಕೈ ಹಿಡಿಯಬೇಡಿ, ಅವಳಿಗೆ ಹಿಡಿಸುವುದಿಲ್ಲ. ಮೂರನೇ ಸಾಲಿನಿಂದ ಇಲ್ಲಿಗೆ ಬರಲು, ಬೆರಳುಗಳು ಇದರ ಅಂಚನ್ನು ಹಿಡಿಯಲು ಸ್ವಲ್ಪ ಹೊತ್ತಾಗುತ್ತದೆ. ನಿಮ್ಮ ಕಾಫಿ ಆರಬಹುದು. ನನ್ನ ಕಾಲು ಈಗ ಎಲ್ಲಿಯೂ ಅಂಟಿಕೊಂಡಿಲ್ಲ. ಆದರೂ ನಾನು ಇಲ್ಲೇ ನಿಂತಿರುತ್ತೇನೆ.

ಎಲ್ಲರಿಗೂ ನಮಸ್ಕಾರ.