ಹಳೇ ಎಲೆಕ್ಟ್ರಿಕ್ ಕಾರು, ಅಕ್ಕನ ಮನೆಯ ದೂರ

ಒಬ್ಬ ಶ್ರೀಮಂತನಿದ್ದ. ಯಾವ ಊರು ಎಂದು ಕೇಳಬೇಡಿ, ಈ ಸಭೆಯಲ್ಲಿ ಅವನ ಬೀಗರು ಕುಳಿತಿರಬಹುದು. ಹೊಸ ಮನೆ ಕಟ್ಟಿಸಿದ್ದ. ಗೃಹಪ್ರವೇಶಕ್ಕೆ ಮೊದಲು ಒಂದು ಎಲೆಕ್ಟ್ರಿಕ್ ಕಾರು ಕೊಳ್ಳಬೇಕು ಎಂದುಕೊಂಡ. ಹೊಸದಲ್ಲ, ಸೆಕೆಂಡ್ ಹ್ಯಾಂಡ್. ಶ್ರೀಮಂತನಿಗೆ ಹಳೇ ಕಾರು ಯಾಕೆ ಎನ್ನುತ್ತೀರಾ? ನೋಡಿ, ಅದಕ್ಕೇ ಅವನು ಶ್ರೀಮಂತ!

ಅವನಿಗೊಬ್ಬಳು ಅಕ್ಕ. ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿ ಬೆಳೆಸಿದವಳು. 'ಹೊಸ ಮನೆಯಲ್ಲಿ ಹಾಲುಕ್ಕಿಸುವವಳು ನೀನೇ, ಮುಹೂರ್ತದ ಬೆಳಿಗ್ಗೆ ನಾನೇ ಕಾರು ತಂದು ಕರೆದೊಯ್ಯುತ್ತೇನೆ' ಎಂದು ಮಾತು ಕೊಟ್ಟಿದ್ದ. ಅಕ್ಕ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಸರಿ, ಹಳೇ ಕಾರುಗಳ ಅಂಗಡಿಗೆ ಹೋದ. ಜೊತೆಗೆ ತನ್ನ ಕಾಯಂ ಮೆಕ್ಯಾನಿಕ್. ಆ ಮಹಾನುಭಾವ ನಲವತ್ತು ವರ್ಷದಿಂದ ಎಂಜಿನ್ ಸದ್ದು ಕೇಳಿಯೇ ಕಾರಿನ ಜಾತಕ ಹೇಳುವವನು. ಬಾನೆಟ್ಟಿಗೆ ಕಿವಿಯಿಟ್ಟ. ಹಿಂದೆ ಹೋಗಿ ಬಗ್ಗಿ ನೋಡಿದ.

"ಯಜಮಾನ್ರೇ, ಒಂದು ಚೂರು ಸದ್ದಿಲ್ಲ, ಹೊಗೆನೂ ಇಲ್ಲ! ಕಣ್ಮುಚ್ಕೊಂಡು ತಗೊಳ್ಳಿ!" ಅಂದ.

ಎಲೆಕ್ಟ್ರಿಕ್ ಕಾರಿಗೆ ಹೊಗೆ ಎಲ್ಲಿಂದ ಬರಬೇಕು ಸ್ವಾಮಿ?

ಶ್ರೀಮಂತ ಅಷ್ಟರಲ್ಲಿ ನಂಬರ್ ಪ್ಲೇಟಿನ ಅಂಕೆಗಳನ್ನು ಕೂಡುತ್ತಿದ್ದ. ಒಂಬತ್ತು ಬಂತು. ಮುಖ ಅರಳಿತು. ಪಕ್ಕದ ಕಾರಿನದು ಎಂಟು, ಸಾಲದ್ದಕ್ಕೆ ಬಾಗಿಲಿಗೆ ಗೀರು. ಅದರ ಕಡೆ ತಿರುಗಿಯೂ ನೋಡಲಿಲ್ಲ.

ಅಂಗಡಿಯಾಕೆ ಹೇಳಿದಳು, "ಸಾರ್, ಇದರ ಬ್ಯಾಟರಿ ಸೋತಿದೆ. ಫುಲ್ ಚಾರ್ಜಿಗೆ ಎಂಬತ್ತು ಕಿಲೋಮೀಟರ್ ಅಷ್ಟೇ. ಆ ಗೀರು ಬಿದ್ದಿರೋದು ಇನ್ನೂರು ಹೋಗುತ್ತೆ. ನೀವು ತುಂಬಾ ದೂರ ಅಂದ್ರೆ ಎಲ್ಲಿಗೆ ಹೋಗ್ತೀರಿ?"

ಹಳೇ ಕಾರು ಮಾರುವವರು ಇಷ್ಟು ನಿಜ ಹೇಳುತ್ತಾರೆಯೇ ಎಂದು ನಗುತ್ತಿದ್ದೀರಿ. ನಗಿ, ನಗಿ. ಆದರೆ ಅವಳ ಪ್ರಶ್ನೆ ಮರೆಯಬೇಡಿ.

"ನಮ್ಮಕ್ಕನ ಮನೆಗೆ. ಇಲ್ಲೇ, ನಲವತ್ತು ಕಿಲೋಮೀಟರ್ ಇರಬಹುದು. ಹೋಗಿ ಬರೋಕೆ ಎಂಬತ್ತು. ಸರಿಹೋಯ್ತಲ್ಲ!" ಅಂದ. ಒಂಬತ್ತರ ಕಾರನ್ನೇ ಕೊಂಡ.

ಮುಹೂರ್ತದ ದಿನ ಬಂತು. ಮುಂಜಾನೆಯೇ ಹೊರಟ. ನಲವತ್ತು ಆಯಿತು, ಅಕ್ಕನ ಊರಿಲ್ಲ. ಐವತ್ತು ಆಯಿತು, ಊರಿಲ್ಲ. ಅರವತ್ತೈದಕ್ಕೆ ಅಕ್ಕನ ಮನೆ ಸಿಕ್ಕಿತು. ಕಾರಿನಲ್ಲಿ ಉಳಿದದ್ದು ಹದಿನೈದು. ಅಕ್ಕ ರೇಷ್ಮೆ ಸೀರೆ ಉಟ್ಟು, ಹಾಲಿನ ಪಾತ್ರೆ ಬೆಳಗಿ ಹಿಡಿದುಕೊಂಡು ಜಗಲಿಯ ಮೇಲೆ ಕಾಯುತ್ತಿದ್ದಳು!

ಕಿಟಕಿಯಿಂದ ವೈರು ಎಳೆದು ಚಾರ್ಜಿಗೆ ಹಾಕಿದರು. ಆರು ಗಂಟೆ ಬೇಕು. ಮುಹೂರ್ತಕ್ಕೆ ಇದ್ದದ್ದು ಎರಡು. ಬೆಳಗಿನ ಬಸ್ಸು ಹೋಗಿಬಿಟ್ಟಿತ್ತು. ಬಾಡಿಗೆ ಕಾರು ತರಿಸಬಹುದಿತ್ತಲ್ಲ ಎಂದು ಆ ಮೂಲೆಯಲ್ಲಿ ಯಾರೋ ಲೆಕ್ಕ ಹಾಕುತ್ತಿದ್ದೀರಿ. ಅದು ಪೇಟೆಯಿಂದ ಬಂದು ವಾಪಸ್ ಮುಟ್ಟುವಷ್ಟರಲ್ಲಿ ಮುಹೂರ್ತ ದಾಟುತ್ತಿತ್ತು. ಕೊನೆಗೆ ಅಕ್ಕನೇ ತಮ್ಮನ ಹೆಂಡತಿಗೆ ಫೋನ್ ಮಾಡಿ, "ನೀನೇ ಉಕ್ಕಿಸಮ್ಮ, ಹೊತ್ತು ಮೀರಿಸಬೇಡ" ಅಂದಳು. ಫೋನ್ ಇಟ್ಟು, ಬೆಳಗಿದ ಪಾತ್ರೆಯನ್ನು ಒಳಗೆ ಒಯ್ದಳು. ಅವಳಿಗೆ ದುಃಖವಾಗಲಿಲ್ಲವೇ? ಆಯಿತು, ಕಣ್ಣೊರೆಸಿಕೊಂಡೇ ಹೊರಗೆ ಬಂದಳು.

"ಈ ಕಾರು ಕೈ ಕೊಡ್ತಲ್ಲ ಅಕ್ಕಾ!" ಎಂದು ಶ್ರೀಮಂತ ತಲೆ ಚಚ್ಚಿಕೊಂಡ.

"ಕಾರನ್ನ ಯಾಕೋ ಬೈತೀಯ? ಅದು ನಮ್ಮನೆ ತನಕ ಬಂದಿದೆಯಲ್ಲ. ಹನ್ನೊಂದು ವರ್ಷದಿಂದ ನೀನು ಈ ಕಡೆ ತಲೆ ಹಾಕಿಲ್ಲ. ನಮ್ಮನೆ ಎಷ್ಟು ದೂರ ಅನ್ನೋದೇ ನಿನಗೆ ಮರೆತುಹೋಗಿದೆ. ಆರು ಗಂಟೆ ಅಂದ್ಯಲ್ಲ? ಕೈಕಾಲು ತೊಳ್ಕೊ. ಇವತ್ತಾದ್ರೂ ಊಟ ಮಾಡ್ಕೊಂಡು ಹೋಗ್ತೀಯ."

ಈಗ ನಿಮ್ಮ ಸರದಿ. ನಿಮ್ಮ ಫೋನಿನಲ್ಲಿ ಎಷ್ಟು ಪರ್ಸೆಂಟ್ ಚಾರ್ಜ್ ಇದೆ? ಆಹಾ, ಎಲ್ಲರಿಗೂ ಗೊತ್ತು! ಮುಂದಿನ ಸಾಲಿನ ಯಜಮಾನರು ನೋಡದೆಯೇ ಹೇಳಿದರು. ನಿಮ್ಮ ಅಕ್ಕನ ಮನೆ ಎಷ್ಟು ಕಿಲೋಮೀಟರ್? ತಮ್ಮನ ಮನೆ? ನೋಡಿ, ಅದೇ ಯಜಮಾನರು ಈಗ ಪಕ್ಕದವರನ್ನು ಕೇಳುತ್ತಿದ್ದಾರೆ! ಒಂಬತ್ತು ಬರುತ್ತದೋ ಎಂಟು ಬರುತ್ತದೋ ಎಂದು ಕೂಡಿ ನೋಡುವ ನಮಗೆ, ನಮ್ಮವರನ್ನು ನೋಡಿ ಎಷ್ಟು ವರ್ಷವಾಯಿತು ಎಂದು ಎಣಿಸಲು ಬರುವುದಿಲ್ಲ. ನನಗೂ ಬರುತ್ತಿರಲಿಲ್ಲ, ನಾಚಿಕೆ ಬಿಟ್ಟು ಹೇಳುತ್ತೇನೆ.

ಹಾಗಾಗಿ ಇಲ್ಲಿಂದ ಎದ್ದ ಕೂಡಲೇ ಫೋನ್ ತೆಗೆಯುತ್ತೀರಲ್ಲ, ಪರ್ಸೆಂಟ್ ನೋಡಬೇಡಿ. ನೋಡದೇ ಬಹಳ ದಿನವಾದವರೊಬ್ಬರಿಗೆ ಕರೆ ಮಾಡಿ, "ಭಾನುವಾರ ಊಟಕ್ಕೆ ಬರ್ತೀನಿ" ಅನ್ನಿ. ಯಾವ ಕಾರಾದರೂ ಸರಿ, ಬಸ್ಸಾದರೂ ಸರಿ. ದಾರಿ ಮರೆತಿದ್ದರೆ ಮ್ಯಾಪ್ ನೋಡಬೇಡಿ, ಅವರನ್ನೇ ಕೇಳಿ.