ಹಗಲಿನ ದೀಪ

ಹಳಿಯಾಳದ ಎಲುಬಿನ ಡಾಕ್ಟರರ ದವಾಖಾನೆಯಲ್ಲಿ ಶಾಂತಾದೇವಿ ತಮ್ಮ ಸರದಿಗಾಗಿ ಕಾಯುತ್ತಿದ್ದರು. ಪಕ್ಕದಲ್ಲಿ ಒಬ್ಬಳು ಅಕ್ಕ, ಅವಳ ತಮ್ಮ ಬಂದು ಕುಳಿತರು. ಅವನ ಊರುಗೋಲಿಗೆ ಜಾಗವಾಗಲೆಂದು ಶಾಂತಾದೇವಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡರು.

"ಕಾರಿನ ದೀಪ ಆರಿಸು ಅಂದಾಕಿ ನಾನ, ಮಹಾಬಳೇಶಾ."

"ಬಿಡ ಅಕ್ಕಾ."

"ದಾಂಡೇಲಿ ಹಾದಿ ತುಂಬ ಮಂದಿ ಕೈ ಮಾಡಿ, ಹಗಲಿಗೆ ದೀಪ ಹತ್ಯಾವ ಅಂತ ತೋರಿಸಾಕತ್ತಿದ್ರು. ನನಗ ನಾಚಿಕಿ ಆತು."

"ಪಾಪ, ಅವರು ಒಳ್ಳೇದಕ್ಕ ಹೇಳಿದ್ರು."

"ನಾನೂ ಒಳ್ಳೇದಕ್ಕ ಹೇಳಿದ್ನೋ!"

"ಇಬ್ಬರಷ್ಟ ಕೂತ್ಕೊಳ್ಳೂ ಸ್ಪೋರ್ಟ್ಸ್ ಕಾರು ಅದು. ಟ್ರ್ಯಾಕ್ಟರಿನ ಗಾಲಿಯಷ್ಟೂ ಎತ್ತರ ಇಲ್ಲ. ದೀಪ ಇದ್ರ ಮಂದಿಗೆ ಕಾಣ್ತೈತಿ."

"ಚಪ್ಪಲಿ ಅಂತ ಚ್ಯಾಷ್ಟಿ ಮಾಡ್ತಿದ್ದೆ ಅದಕ್ಕ."

"ಚಪ್ಪಲಿನ. ಮೆಟ್ಟಿದಾಂವ ನಾನು. ಕಬ್ಬಿನ ಟ್ರ್ಯಾಕ್ಟರಿನ ಬಾಜೂಕ ಹೋಗಬಾರದಿತ್ತು. ಅವನ ಕನ್ನಡಿ ನಮಗ ಕಾಣ್ಲಿಲ್ಲಂದ್ರ ನಾವೂ ಅವಗ ಕಾಣಂಗಿಲ್ಲ. ಗೊತ್ತಿದ್ದೂ ಹೋದೆ. ಅಂವ ಹೊಲದ ಕಡೆ ಹೊಳ್ಳಿಸಿಬಿಟ್ಟ, ಕಾರಿಗೆ ಬಡೀತು."

"ಎಷ್ಟು ಅತ್ತಾನೋ ಆ ಡ್ರೈವರ!"

"ಅಳಕೋತನ ನನ್ನ ಎತ್ತಿಕೊಂಡು ಬಂದ."

"ಮೊಣಕಾಲು ಮಡಚಂಗಿಲ್ಲ ಅಂದ್ರ ಆ ಕಾರಿನ್ಯಾಗ ಹೆಂಗ ಕೂಡ್ತೀಯೋ?"

"ಮಡಚತೈತೋ ಇಲ್ಲೋ, ಡಾಕ್ಟರು ಇವತ್ತ ಹೇಳ್ತಾರಲ್ಲ."

ಒಳಗಿಂದ ಮಹಾಬಳೇಶನ ಹೆಸರು ಕರೆದರು. ಅವನು ಕಷ್ಟಪಟ್ಟು ಎದ್ದ. ಬಿದ್ದರೆ ಹಿಡಿಯಲೆಂದು ಅಕ್ಕ ಅವನ ಬೆನ್ನ ಹಿಂದೆ ಕೈಚಾಚಿ ನಿಂತಳು.

"ಹಿಂದ ಬ್ಯಾಡ ಅಕ್ಕಾ, ನೀ ನನಗ ಕಾಣಂಗಿಲ್ಲ. ಮುಂದ ನಡಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದೆ ನಡೆದಳು. ಹೆಜ್ಜೆಗೊಮ್ಮೆ ಹೊಳ್ಳಿ ನೋಡುತ್ತಲೇ ಇದ್ದಳು, ಬಾಗಿಲು ಮುಚ್ಚುವವರೆಗೆ.